ಕಾಲಿಗೆ ಬುದ್ಧಿ

ಗಾಲಾದ ಕಲ್ಲುಗುಡ್ಡದ ಬುಡದಲ್ಲಿ ಒಂದಿಷ್ಟು ಹಸಿರಿದೆ.
ಅದು ನನ್ನದು. ಅಂದರೆ, ನೀರು ನನ್ನದು.
ಹಸಿರು ಟ್ಯಾಂಕರು, ಕುಡಿಯಬಾರದ ನೀರು,
ಮಸ್ಕತ್ ಇಡೀ ತೊಳೆದು ಬಿಟ್ಟದ್ದನ್ನು
ಸೋಸಿ ನನಗೆ ಕೊಡುತ್ತಾರೆ,
ನಾನು ಹುಲ್ಲಿಗೆ ಕೊಡುತ್ತೇನೆ.

ಬುಧವಾರ ಐರ್ಲೆಂಡಿನವರ ಆಟ.
ಮೊದಲ ದಿನ ನೋಡಿ ನಕ್ಕಿದ್ದೆ:
ಕೈಯಲ್ಲಿ ಹಿಡಿಯುತ್ತಾರೆ, ಕಾಲಲ್ಲಿ ಒದೆಯುತ್ತಾರೆ,
ಮನಸ್ಸು ಬಂದರೆ ಮುಷ್ಟಿಯಲ್ಲಿ ಗುದ್ದುತ್ತಾರೆ.
ಗೋಲಿನ ತಲೆಗೆ ಎರಡು ಕೊಂಬು.
ಬಲೆಗೆ ಬಿದ್ದರೆ ಮೂರು, ಮೇಲಿಂದ ಹಾರಿದರೆ ಒಂದು.
ಯಾರ ಮನೆಯ ಲೆಕ್ಕ ಇದು?

ಈಗ ಆ ಲೆಕ್ಕ ಬರೆಯುವವ ನಾನೇ.
ಹಲಗೆ ಹಿಡಿಯಲು ಯಾರೂ ಇಲ್ಲದ ದಿನ
ಡರ್ವ್ಲಾ ಮೇಡಂ ಸೀಮೆಸುಣ್ಣ ಕೊಟ್ಟಳು,
ಕೈ ತನ್ನಷ್ಟಕ್ಕೆ ಬರೆಯಿತು: ೩–೬.
ಮಕ್ಕಳು ಮುತ್ತಿಕೊಂಡರು. ಇದು ಆರಾ, ಒಂಬತ್ತಾ?
ಇವತ್ತು ಹದಿನಾಲ್ಕರೊಳಗಿನ ಅಷ್ಟೂ ಜನಕ್ಕೆ,
ಸೂರ್ ಊರಿನ ಹಿಲಾಲನಿಗೂ,
ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದು
ಆ ಕಾಲು ತನ್ನದೆಂದು ಇನ್ನೂ ನಂಬದ ಕಾರ್ಮಾಕನಿಗೂ
ಕನ್ನಡ ಬರುತ್ತದೆ,
ಹತ್ತರ ತನಕ.

ಮಿಸ್ರಿಯಾ, ಕೆಫೆಟೇರಿಯಾ ಇದ್ದಿನಬ್ಬನ ಮಗಳು,
ಚಹಾದ ಟ್ರೇ ಹಿಡಿದು ಬಂದವಳು ಗೆರೆಯಾಚೆ ನಿಂತಳು.
ಮರುವಾರ ಗೆರೆಯೀಚೆ.

ಚೆಂಡು ಹಿಡಿದರೆ ನಾಲ್ಕೇ ಹೆಜ್ಜೆ ಇಲ್ಲಿ.
ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ
ಕೈಯಿಂದ ಪಾದಕ್ಕೆ, ಪಾದದಿಂದ ಕೈಗೆ,
ಓಡುತ್ತಲೇ, ನೋಡದೆಯೇ.

ಕಾಲಿಗೆ ಬುದ್ಧಿ ಹೇಳುವುದೆಂದರೆ ನಮ್ಮಲ್ಲಿ ಓಡಿಹೋಗುವುದು.
ನಾನು ಹಾಗೆ ಹೇಳಿಯೇ ಬಂದವ,
ಹತ್ತೊಂಬತ್ತರಲ್ಲಿ, ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ.
ಇವಳು ನಿಜವಾಗಿ ಹೇಳುತ್ತಿದ್ದಳು,
ಎಡಗಾಲಿಗೆ, ಬ್ಯಾರಿ ಭಾಷೆಯಲ್ಲಿ, ಬೈದು, ರಮಿಸಿ,
ಟ್ಯಾಂಕರಿನ ನೆರಳಲ್ಲಿ, ನಾನು ಪೈಪು ಸುತ್ತುವ ಹೊತ್ತಿಗೆ.
ಅಕ್ಟೋಬರಿನಲ್ಲಿ ಚೆಂಡು ಮೂಗಿಗೆ ಬಂತು,
ಡಿಸೆಂಬರಿನಲ್ಲಿ ಮೊಣಕಾಲಿಗೆ.
ಫೆಬ್ರವರಿಯ ಒಂದು ಬುಧವಾರ
ಈ ತುದಿಯಿಂದ ಆ ತುದಿಗೆ ಹೋದಳು
ಕೈಗೂ ಕಾಲಿಗೂ ಚೆಂಡಿನಲ್ಲೇ ಹೊಲಿಗೆ ಹಾಕುತ್ತ.
ಡರ್ವ್ಲಾ ಸೀಟಿ ಬಾಯಲ್ಲಿಟ್ಟು
ಊದಲು ಮರೆತಳು.

ಮಾರ್ಚಿನಲ್ಲಿ ಬಹರೈನಿನವರು ಬಂದರು.
ನಮ್ಮದು ೧–೯, ಅವರದು ೨–೬. ಕೂಡಿ ನೋಡಿ,
ಎರಡೂ ಹನ್ನೆರಡೇ. ಉಳಿದದ್ದು ಎರಡು ನಿಮಿಷ.
ಚೆಂಡು ಮಿಸ್ರಿಯಾಳ ಕೈಯಲ್ಲಿ, ಎದುರಿಗೆ ಕೊಂಬು,
ನಡುವೆ ಯಾರೂ ಇಲ್ಲ.
ಬೆಂಚಿನ ಮಕ್ಕಳೆಲ್ಲ ಎದ್ದು ನಿಂತು ಎಣಿಸಿದರು
ನನ್ನ ಭಾಷೆಯಲ್ಲಿ:
ಒಂದು,
ಎರಡು,
ಮೂರು,
ನಾಲ್ಕು.
ಐದನ್ನು ಯಾರೂ ಹೇಳಲಿಲ್ಲ.
ಸೀಟಿ ಹೇಳಿತು.

ಆ ತಪ್ಪಿನ ಚೆಂಡೇ ಕೈಯಿಂದ ಕೈಗೆ ದಾಟಿ
ನಮ್ಮ ಅಡ್ಡಪಟ್ಟಿಯ ಮೇಲಿಂದ ಹಾರಿತು.
೨–೭ ಎಂದು ತಿದ್ದಿದೆ. ಸುಣ್ಣ ಮುರಿಯಿತು.
ಅವಳು ಅಳಲಿಲ್ಲ. ಟ್ಯಾಂಕರಿನ ಬಳಿ ಬಂದು
ಬೂಟು ಕಳಚಿ ಎಡಗಾಲನ್ನು ಪೈಪಿನ ಕೆಳಗಿಟ್ಟಳು.
ಬಾಯಿಗೆ ಬೇಡ ಮಾರಾಯ್ತಿ, ಅಂದೆ,
ಹೇಳಲು ಬೇರೇನೂ ಸಿಗದೆ.

ಜೂನಿನಲ್ಲಿ ಈ ಊರು ಮಕ್ಕಳನ್ನು ಹಂಚಿಬಿಡುತ್ತದೆ.
ಕಾರ್ಮಾಕನ ಅಪ್ಪನಿಗೆ ದೋಹಾ,
ಡರ್ವ್ಲಾಳಿಗೆ ಅವಳ ತಾಯಿ, ತಾಯಿಯ ಕಾಯಿಲೆ.
ಹಿಲಾಲನ ದನಿ ಒಡೆಯುತ್ತಿತ್ತು, ಪೂರ್ತಿ ಒಡೆದದ್ದು ಕೇಳಲಿಲ್ಲ.
ಹನ್ನೊಂದು ವರ್ಷದಿಂದ ಹುಲ್ಲು ಬೆಳೆಸುತ್ತಿದ್ದೇನೆ,
ಮಕ್ಕಳು ಬೆಳೆದದ್ದು
ಯಾವತ್ತೂ ಅರ್ಧವೇ ಕಂಡದ್ದು.

ಜುಲೈ. ರಾತ್ರಿ ಹತ್ತಕ್ಕೂ ಕಬ್ಬಿಣ ಮುಟ್ಟಲಾಗದು.
ಟಿಕೆಟ್ಟಿನ ದರ ನೋಡಿ ಇದ್ದಿನಬ್ಬ ಊರಿಗೆ ಹೋಗಲಿಲ್ಲ ಈ ಸಲ.
ಅಂಗಡಿಯ ಶಟರು ಎಳೆದ ಸದ್ದು,
ಸ್ವಲ್ಪ ಹೊತ್ತಿಗೆ ಬೂಟಿನ ಸದ್ದು.
ಬಾಬಣ್ಣ, ಲೈಟು ಹಾಕ್ತೀರಾ?
ಟ್ಯಾಂಕರನ್ನು ತಿರುಗಿಸಿ ನಿಲ್ಲಿಸಿದೆ.
ಎರಡು ದೀಪದ ಬೆಳಕಲ್ಲಿ ಅವಳ ನೆರಳು
ಅವಳಿಗಿಂತ ಮೊದಲು ಗೋಲು ಮುಟ್ಟುತ್ತಿತ್ತು.

ನಾನು ಎಣಿಸಲಿಲ್ಲ.
ಹಲಗೆಯ ಮೇಲೆ ಮಾರ್ಚಿನ ಅಂಕಿ ಹಾಗೇ ಇತ್ತು.
ಮಳೆ ಕಾಣದ ಊರು,
ತಾನಾಗಿ ಏನೂ ಅಳಿಸುವುದಿಲ್ಲ.