ಚಕ್ಕುಬಂದಿ

ಟೊಲೀಡೊ, ಒಹಾಯೊ. ಆಗಸ್ಟಿನ ಎರಡನೇ ಸೋಮವಾರ.
ಬರೆದುಕೊಡುವವಳು ನಾನು, ನೀಲಾಂಬಿಕಾ ಹಾದಿಮನಿ.
ಬರೆಸಿಕೊಳ್ಳುವವರು ಯಾರೋ ಇನ್ನೂ ಗೊತ್ತಿಲ್ಲ,
ಮುಂದಿನ ವಾರ ಮೊದಲ ವರ್ಷದವರು ಬರುತ್ತಾರೆ
ಬಾಯಿ ಬಿಚ್ಚದ ಹೈಲೈಟರ್ ಹಿಡಿದು.

ಸ್ವತ್ತಿನ ವಿವರ:
ಲಾ ಸ್ಕೂಲಿನ ಗ್ರಂಥಾಲಯ, ಎರಡನೇ ಮಹಡಿ,
ಮೂರಡಿ ಅಗಲದ ಮೇಜು, ಒಂದು ಕಾಲು ಗಿಡ್ಡ.
ಅದರಡಿ ಎಂಟು ಮಡಿಕೆಯ ಕಿರಾಣಿ ರಸೀದಿ:
ಈರುಳ್ಳಿ, ಬ್ಯಾಟರಿ, ಮಂಡಿನೋವಿನ ಮುಲಾಮು.

ಪೂರ್ವಕ್ಕೆ: ಕಿಟಕಿ. ಆಚೆ ಪಾರ್ಕಿಂಗ್, ಅದರಾಚೆ ಎಲ್ಲೋ ಮೌಮೀ ನದಿ.
ಪಶ್ಚಿಮಕ್ಕೆ: ಒಪ್ಪಂದ ಕಾನೂನಿನ ಕಪಾಟು.
ಉತ್ತರಕ್ಕೆ: ಚಳಿಗಾಲವಿಡೀ ಕೆಟ್ಟುನಿಂತ ಕುಡಿಯುವ ನೀರಿನ ನಲ್ಲಿ.
ದಕ್ಷಿಣಕ್ಕೆ: ರೆನಾಟಾ ಕೊವಾಲ್ಚಿಕ್.

ಇಪ್ಪತ್ತು ವರ್ಷ ಆಸ್ಪತ್ರೆಯ ರಾತ್ರಿಪಾಳಿ ಮಾಡಿ
ನಲವತ್ತಾರಕ್ಕೆ ಕಾನೂನು ಓದಲು ಕೂತವಳು.
ಮೊದಲ ದಿನ ಮೇಷ್ಟ್ರು ನನ್ನ ಹೆಸರನ್ನು
ಮೂರು ಕಡೆ ಮುರಿದು ಪ್ರಶ್ನೆ ಎಸೆದಾಗ
ಒಣಗಿದ ನನ್ನ ಬಾಯಿಯ ಮುಂದೆ
ತನ್ನ ಟಿಪ್ಪಣಿ ಸರಿಸಿದವಳು.

ರಾಣೆಬೆನ್ನೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ನನ್ನ ಸೋದರಮಾವ ಪತ್ರ ಬರೆಯುತ್ತಿದ್ದ.
ರಜೆಯಲ್ಲಿ ಕಾರ್ಬನ್ ಜೋಡಿಸುವ ಕೆಲಸ ನನ್ನದು.
ನಾಲ್ಕೆಕರೆಯಾಗಲಿ, ಅರ್ಧ ಗುಂಟೆಯಾಗಲಿ,
ಅವನ ಕೈ ತಾನೇ ಬರೆದುಬಿಡುತ್ತಿತ್ತು:
ನಿಧಿ ನಿಕ್ಷೇಪ ಜಲ ತರು ಪಾಷಾಣ
ಅಕ್ಷೀಣ ಆಗಾಮಿ ಸಿದ್ಧ ಸಾಧ್ಯ.
‘ಅಷ್ಟಭೋಗ ಅಂತೀ, ಎಣಿಸಿದ್ರ ಒಂಬತ್ತಾಗ್ತಾವಲ್ಲ ಮಾಮಾ?’
‘ಒಂದ್ ಹೆಚ್ಚಿಗಿ ಇರ್ಲಿ ಬಿಡವಾ, ಮರತದ್ದಕ್ಕ.’

ಡಿಸೆಂಬರಿನಲ್ಲಿ ಹಾರ್ಗಿಸ್ ಮೇಷ್ಟ್ರು ಕೇಳಿದರು:
ಬಾಡಿಗೆಯವನು ಮನೆ ಬಿಡುವಾಗ ಏನೇನು ಒಯ್ಯಬಹುದು?
ಗೋಡೆಗೆ ಬಡಿದ ಹಲಗೆ? ಒಲೆ? ಅಂಗಳದ ಗುಲಾಬಿ?
‘ಕಿತ್ತರೆ ಮನೆಗೆ ಗಾಯವಾಗದ್ದು’ ಎಂದೆ.
‘ಗಾಯ ಆಯಿತೋ ಇಲ್ಲವೋ ಯಾರು ಹೇಳಬೇಕು?’
ಅಷ್ಟರಲ್ಲಿ ತರಗತಿ ಮುಗಿಯಿತು.

ಶಿಫಾರಸು ಪತ್ರಕ್ಕೆ ಹೋದದ್ದು ಅವರ ಬಳಿಗೇ.
‘ಇದು ಇಪ್ಪತ್ಮೂರನೆಯದು. ಚೆನ್ನಾಗಿ ಬರೆದಷ್ಟೂ
ನನ್ನ ಮುಂದಿನ ಸಾಲು ಖಾಲಿ’ ಎಂದರು.
ಚೆನ್ನಾಗಿಯೇ ಬರೆದರು.

ಶಿಕಾಗೊದ ಉತ್ತರ:
ಮೂವತ್ತು ಕ್ರೆಡಿಟ್ ಬರತಕ್ಕದ್ದು. ಅಂಕಗಳು ಬರತಕ್ಕದ್ದಲ್ಲ.
ವಿದ್ಯಾರ್ಥಿವೇತನ ಇಲ್ಲ. ರ‍್ಯಾಂಕ್ ಇದ್ದಲ್ಲೇ ಬಿಡುವುದು.
ಅಂದರೆ ಓದಿದ್ದೇನೆ ಎಂಬುದಕ್ಕೆ ದಾಖಲೆ ಇದೆ,
ಮಾರ್ಚ್ ತಿಂಗಳ ಹಿಮದಲ್ಲಿ ಕೊನೆಯ ಬಸ್ಸು ತಪ್ಪಿ
ಅವಳ ಕಾರಿನಲ್ಲಿ ಹೀಟರ್ ಹಾಕಿ
ಅಪರಾಧ ಕಾನೂನು ಒಪ್ಪಿಸಿದ್ದಕ್ಕೆ ಇಲ್ಲ.

ಅರ್ಜಿ ತುಂಬಿದ್ದು ಇದೇ ಮೇಜಿನಲ್ಲಿ,
ಪರದೆಯನ್ನು ಸ್ವಲ್ಪ ಉತ್ತರಕ್ಕೆ ತಿರುಗಿಸಿಕೊಂಡು.
ಎರಡು ತಿಂಗಳು ಹೇಳಲಿಲ್ಲ.
ಹೇಳಿದ ದಿನ ಅವಳು ಸೇಬು ಹೆಚ್ಚುತ್ತಿದ್ದಳು.
‘ಹಾಗಾದರೆ ಮೂರನೇ ರ‍್ಯಾಂಕ್ ನನ್ನದು’ ಎಂದು ನಕ್ಕಳು.
ನಗು ಮುಗಿದ ಮೇಲೂ ತುಟಿ ಹಾಗೇ ಇತ್ತು.
ಅರ್ಧ ಸೇಬು ನನಗೆ ಕೊಟ್ಟಳು, ದೊಡ್ಡ ಅರ್ಧ.

ಇವತ್ತು ಲಾಕರ್ ಖಾಲಿ ಮಾಡಿದೆ.
ಪುಸ್ತಕ ಮಾರಿದೆ. ಕಾರ್ಡು ಒಪ್ಪಿಸಿದೆ.
ನೆನಪಿಗಿರಲಿ ಎಂದು, ಬಗ್ಗಿ,
ಆ ರಸೀದಿ ಎಳೆದೆ.
ಮೇಜು ವಾಲಿತು. ಪೆನ್ನು ಉರುಳಿ ದಕ್ಷಿಣಕ್ಕೆ ಬಿತ್ತು.
ಮತ್ತೆ ಮಡಚಿ ಇದ್ದಲ್ಲೇ ಇಟ್ಟೆ.

ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ
ಬರೆದುಕೊಟ್ಟ ಪತ್ರ.
ಈ ಸಾಲು ಬರೆಯುವಾಗ ಮಾವ ಎಂದೂ
ತಲೆಯೆತ್ತಿ ಎದುರಿನವರ ಮುಖ ನೋಡುತ್ತಿರಲಿಲ್ಲ.

ಎಂಟೂ ಬಿಟ್ಟುಕೊಟ್ಟಿದ್ದೇನೆ.
ಒಂಬತ್ತನೆಯದು ಯಾವುದೆಂದು ಇನ್ನೂ ಹುಡುಕುತ್ತಿದ್ದೇನೆ.

ಸಾಕ್ಷಿ:
ಅವಳದು ಇನ್ನೂ ಅದೇ ಆಸ್ಪತ್ರೆಯ ಬೂಟು, ಸದ್ದಿಲ್ಲ.
ಬಂದದ್ದು ತಿಳಿಯುವುದು
ದಕ್ಷಿಣದ ಕುರ್ಚಿ ಸರಿದಾಗ.