ಏಳನೇ ಮಂಚ

ಹಾಸನದ ದೊಡ್ಡಾಸ್ಪತ್ರೆ, ಮಾನಸಿಕ ವಿಭಾಗ,
ಹದಿನೆಂಟು ವರ್ಷದಿಂದ ರಾತ್ರಿ ಪಾಳಿ ನನ್ನದು.
ಇಂಪನಾಳನ್ನು ಇಳಿಸುತ್ತಾ ಆಟೋದವನು ಹೇಳಿದ:
'ಬಿ.ಎಂ. ರಸ್ತೆ ಉದ್ದಕ್ಕೂ ಯಾರಿಗೋ ಲೆಕ್ಕ ಒಪ್ಪಿಸ್ತಾನೇ ಇದ್ಲು.'
ಹತ್ತೊಂಬತ್ತು ವರ್ಷ. ಗಾರ್ಮೆಂಟ್ಸಲ್ಲಿ ಕಾಲರು ಹೊಲಿಯುವ ಕೈ.

ಮನೆಯವರ ಬಳಿ ಕಾರಣ ಬೇಕಾದಷ್ಟಿದ್ದವು:
ಮುರಿದ ನಿಶ್ಚಿತಾರ್ಥ, ಸೂಪರ್‌ವೈಸರನ ಬೈಗುಳ,
ಪುರದಮ್ಮನಿಗೆ ಹೊತ್ತು ಮರೆತ ಹರಕೆ.
ನಮ್ಮ ಬಳಿಯೂ ಒಂದು ಹೆಸರಿತ್ತು,
ಅದನ್ನೇ ಫೈಲಿನ ನೆತ್ತಿಗೆ ಬರೆದೆವು.
ಸೂಜಿ ಚುಚ್ಚಿದೆವು.
ಸೂಜಿಗೆ ಅವಳು ಮರದ ಹಾಗೆ ಸೆಟೆದಳು.

ಮೂರನೇ ರಾತ್ರಿ, ಎರಡೂವರೆ.
ವಾರ್ಡೆಲ್ಲ ಮಲಗಿತ್ತು.
ಅವಳ ಬಾಯಿ ಮಾತ್ರ ಎಚ್ಚರ,
ಇಲ್ಲದ ಎಲೆಯಡಿಕೆ ಜಗಿಯುತ್ತಿತ್ತು,
ತುಟಿ ಚೂಪಾಗಿ, ನಾಲಗೆ ಹೊರಳಿ, ಮತ್ತೆ ಜಗಿದು.
ನಾಡಿ ಹಿಡಿದೆ. ನೂರಾ ನಲವತ್ತು.
ಕಾಲು ಗಂಟೆ ಬಿಟ್ಟು ಹಿಡಿದರೆ ಐವತ್ತೆರಡು.
'ನೀರು ಬೇಕಾ ಇಂಪನಾ?'
'ಬೇಕಾ ಇಂಪನಾ' ಅಂದಳು.
ಆಮೇಲೆ 'ಪನಾ'.
ಆಮೇಲೆ ಬರೀ ಗಾಳಿ.

ಆ ಜಗಿತ ನಾನು ನೋಡಿದ್ದೆ.
ಇದೇ ಏಳನೇ ಮಂಚ, ಹನ್ನೊಂದು ವರ್ಷದ ಹಿಂದೆ,
ಅರಕಲಗೂಡು ಕಡೆಯ ಟೀಚರು, ತಬಸ್ಸುಮ್.
ನಾಟಕ ಅಂದವರಲ್ಲಿ ನಾನೂ ಒಬ್ಬಳು.
ಒಂದು ಬೆಳಗ್ಗೆ ಫಿಟ್ಸು, ನಿಲ್ಲದ ಫಿಟ್ಸು.
ಮಧ್ಯಾಹ್ನ ಆ ಹಾಸಿಗೆಯನ್ನು
ನಾನೇ ಬಿಸಿಲಿಗೆ ಹಾಕಿದ್ದೆ.

ಡಾಕ್ಟರನ್ನು ಎಬ್ಬಿಸಿದೆ. ಹುಡುಗ, ಇನ್ನೂ ಓದುತ್ತಿರುವವನು.
'ಸಿಸ್ಟರ್, ಬೆಳಗ್ಗೆ ನೋಡಿದರಾಗದೆ?'
ಆಗದು ಅಂದೆ. ಆ ದನಿ ನನಗೇ ಹೊಸದು.
'ಮಿದುಳಿಗೇ ಏನೋ ಹತ್ತಿಕೊಂಡಿದೆ ಸಾರ್.'
ಬಂದು ಅವಳ ಕೈ ಎತ್ತಿದ.
ಎತ್ತಿದ ಕೈ ಎತ್ತಿದಲ್ಲೇ ನಿಂತಿತು,
ತಂತಿಯ ಮೇಲೆ ಮರೆತ ಬಟ್ಟೆಯ ಹಾಗೆ.
ಅವನ ನಿದ್ದೆ ಇಳಿಯಿತು.

ಬೆನ್ನಿನಿಂದ ತೆಗೆದ ನೀರು, ನೋಡಲು ಬರೀ ತಿಳಿ,
ಐಸಿನ ಡಬ್ಬಿಯಲ್ಲಿ ರೈಲು ಹತ್ತಿತು.
ಒಂಬತ್ತು ದಿನಕ್ಕೆ ಉತ್ತರ.
ಬೇಲಿಯೇ ಎದ್ದು ಹೊಲ ಮೇಯುವುದು
ಗಾದೆ ಅಂದುಕೊಂಡಿದ್ದೆ, ರಕ್ತದಲ್ಲೂ ನಡೆಯುತ್ತದಂತೆ.
ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ,
ಒಳಗೆ ಒಂದಿಷ್ಟು ಕೂದಲು, ಒಂದು ಹಲ್ಲು.
ಅದನ್ನು ಹೊಡೆಯಲು ಹೊರಟ ಕಾವಲು
ಮಿದುಳನ್ನೂ ಅದೇ ಎಂದು ತಿಳಿಯಿತು.
ಗುರುತು ತಪ್ಪುವುದು ಅದಕ್ಕೂ ಇದೆ.

ಐದು ತಿಂಗಳ ಮೇಲೆ, ಕಟ್ಟಿನಕೆರೆ ಮಾರ್ಕೆಟ್ಟು.
ಆಲೂಗಡ್ಡೆ ಆರಿಸುತ್ತಿದ್ದಳು,
ಒಂದೊಂದನ್ನೂ ತಿರುಗಿಸಿ, ಕೊಳೆತದ್ದನ್ನು ಬದಿಗಿಟ್ಟು.
ಬೆರಳು ನಡುಗುತ್ತಿರಲಿಲ್ಲ.
ನಾನು ನಕ್ಕೆ.
ಅವಳು ಸರಿದು ಜಾಗ ಬಿಟ್ಟಳು,
ಕಾಣದವರಿಗೆ ಬಿಡುವಷ್ಟು ಜಾಗ.
ಆ ದಿನಗಳೇ ಅವಳಲ್ಲಿ ಇಲ್ಲವಂತೆ,
ಕಾಲರಿನ ಹೊಲಿಗೆ ಬಿಚ್ಚಿ ತೆಗೆದ ಹಾಗೆ.
ಹೆಸರು ಹೇಳಿಕೊಳ್ಳಲಿಲ್ಲ.
ಒಂದು ಕೆಜಿ ತೂಗಿಸಿಕೊಂಡು ಬಂದೆ.

ಇವತ್ತು ಏಳನೇ ಮಂಚಕ್ಕೆ ಹೊಸಬಳು.
ಅಳುತ್ತಿದ್ದಾಳೆ.
ಇರಬಹುದು, ಬರೀ ಅಳುವೇ ಇರಬಹುದು,
ಹೆಚ್ಚಿನ ಸಲ ಅಷ್ಟೇ ಇರುತ್ತದೆ.
ಆದರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು
ನಾಡಿ ಹಿಡಿದಿದ್ದೇನೆ,
ಬಾಯಿಯನ್ನೇ ನೋಡುತ್ತಾ.