ಷರಾ

ಓಂಕಾರ ಚೌಗುಲೆ ಬೆಳಗಾವಿಯಿಂದ ಬಂದದ್ದು ಸೋಮವಾರ,
ಬ್ಯಾಗಿನಲ್ಲೊಂದು ಲ್ಯಾಪ್‌ಟಾಪು, ಡಬ್ಬಿಯಲ್ಲಿ ಕುಂದಾ.
ಮೂರು ದಿನದ ಕೆಲಸ ಮೇಡಂ, ಅಂದ.
ಇವತ್ತು ಹನ್ನೊಂದನೆಯ ದಿನ.
ಕುಂದಾ ಮುಗಿದು ಡಬ್ಬಿಯಲ್ಲೀಗ ಗುಂಡುಪಿನ್ನು.

ವಿಶ್ವವಿದ್ಯಾಲಯದ ಅರವತ್ತೆಂಟು ಸಾವಿರದ ನಾನೂರಾ ಹನ್ನೆರಡು ಪುಸ್ತಕ
ಹಳೆಯ ತಂತ್ರಾಂಶದಿಂದ ಹೊಸದಕ್ಕೆ.
ಒಂದೂ ಕಪಾಟು ಬಿಟ್ಟು ಕದಲುವುದಿಲ್ಲ,
ಆದರೂ ಎಲ್ಲವೂ ಮನೆ ಬದಲಿಸುತ್ತಿವೆ.
ಹೊರಗೆ ತೊರವಿ ಕಡೆಯ ಬಿಸಿಲು
ಕಿಟಕಿಯ ಗಾಜಿಗೆ ಬೆನ್ನು ತಿಕ್ಕುತ್ತ ನಿಂತಿದೆ;
ಕರೆಂಟು ಹೋದಾಗಲೆಲ್ಲ ಇಬ್ಬರೂ
ಯುಪಿಎಸ್ಸಿನ ಕೂಗು ಎಣಿಸುತ್ತೇವೆ.

ಮೊದಲ ಸಲ ಇಂಗ್ಲಿಷು ನೆಟ್ಟಗೆ ಬಂತು.
ಕನ್ನಡ ಬರಲಿಲ್ಲ.
ವಚನಗಳ ಜಾಗದಲ್ಲಿ ಪೌಂಡಿನ ಗುರುತು,
ಟೋಪಿ ಹಾಕಿದ ಎ, ಬಾಲ ಬಂದ ಸಿ.
ಹಳೆಯ ಫಾಂಟಿನೊಳಗೆ ಮಾತ್ರ ಕನ್ನಡವಾಗಿದ್ದು
ಹೊಸ್ತಿಲು ದಾಟಿದೊಡನೆ ಗುರುತು ಮರೆತವು.
ರಾತ್ರಿ ಕೂತು ಓಂಕಾರ ಅದಕ್ಕೊಂದು ಪ್ರೋಗ್ರಾಮು ಬರೆದ.
ಬೆಳಗ್ಗೆ ಎಲ್ಲ ಮರಳಿದ್ದವು, ಅರ್ಕಾವತ್ತು ಒಂದು ಬಿಟ್ಟು.
ಧರ್ಮ ಧಮ. ಕರ್ಮ ಕಮ. ಸೂರ್ಯ ಸೂಯ.
"ಸೂರ್ಯ ಹೋದ್ರ ಬಿಜಾಪುರಕ್ಕ ಛಲೋನ ಆತಲ್ರಿ?"
ನಕ್ಕೆವು. ಮತ್ತೆ ಕೂತು ಒಂದೊಂದೇ ಏರಿಸಿದೆವು.

ಒಂದೇ ಪುಸ್ತಕ ಏಳು ಸಲ ಕಾಣಿಸಿದಾಗ
ಗೋಳಗುಮ್ಮಟದಾಗ ಒದರಿದಂಗಾತಲ್ರಿ, ಅಂದ ಅಟೆಂಡರ್ ಮಲಕಪ್ಪ.
ಪಾಟೀಲರು ನಲವತ್ತೊಂದು ತರಹದವರು,
ದೀರ್ಘ ಇದ್ದವರು, ಇಲ್ಲದವರು, ಕೊನೆಗೊಂದು ಚುಕ್ಕಿ ಹೊತ್ತವರು.
ಒಂದು ಮಧ್ಯಾಹ್ನವಿಡೀ ಕೂತು
ಯಾರು ಯಾರು ಒಬ್ಬರೇ ಎಂದು ತೀರ್ಮಾನಿಸಿದೆ.
ಇಷ್ಟು ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

ನಿನ್ನೆ ಸಂಜೆ ಓಂಕಾರ ಕುರ್ಚಿ ತಿರುಗಿಸಿದ:
"ಷರಾ ಅಂತ ಒಂದ್ ಕಾಲಂ ಐತ್ರಿ.
ಹೊಸದ್ರಾಗ ಇದಕ್ಕ ಸರಿಯಾದ ಜಾಗಾ ಇಲ್ಲ. ಬಿಟ್ ಬಿಡ್ಲೇನ್ರಿ?"
ಪರದೆಯನ್ನು ಬಲಕ್ಕೆ, ಬಲಕ್ಕೆ ಎಳೆದರೆ ಮಾತ್ರ ಸಿಗುವ ಕಾಲಂ;
ಒಂಬತ್ತು ವರ್ಷದಲ್ಲಿ ನಾನೆಂದೂ ಎಳೆದಿರಲಿಲ್ಲ.

ರಬಿಯಾ ಬಾಗವಾನ.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದಾಕೆ.
ನಾನು ಸೇರಿದ ದಿನ ಕೀಲಿಯ ಗೊಂಚಲು ಮೇಜಿನ ಮೇಲಿಟ್ಟು
ಯಾವುದು ಯಾವುದಕ್ಕೆ ಎಂದೂ ಹೇಳದೆ ಹೋದವಳು.
ಸಿಟ್ಟಿನ ಹೆಂಗಸು ಅಂದುಕೊಂಡಿದ್ದೆ.

"ಬೆನ್ನು ಹರಿದೈತಿ, ಹಗೂರ ಹಿಡೀರಿ."
"ಪುಟ ೮೮ ಇಲ್ಲ. ಯಾರು ಹರಿದಾರಂತ ಗೊತ್ತೈತಿ. ಬರಿಯೂದಿಲ್ಲ."
"ಇದನ್ನ ಕೇಳಿ ಬಂದವರಿಗೆ ಕೆಳಗಿನ ಸಾಲಿನ ಕೆಂಪು ರಟ್ಟಿನದು ಕೊಡ್ರಿ."
"ತಾಳಿಕೋಟಿ ಗೌರಾಬಾಯಿ ಒಯ್ದದ್ದು. ಡೋಣಿ ಬಂದು ಮನಿ ತುಂಬ ನೀರು.
ಪುಸ್ತಕ ತಂದಾಳ, ಓದಾಕ ಬರಂಗಿಲ್ಲ. ದಂಡ ಇಲ್ಲ. ಯಾರೂ ಕೇಳಬ್ಯಾಡ್ರಿ."
"ಆರು ವರ್ಷದಿಂದ ಇದನ್ನ ಯಾರೂ ಒಯ್ದಿಲ್ಲ.
ನಾನ ಒಮ್ಮೆ ಒಯ್ದೆ, ಅದಕ್ಕ ಬ್ಯಾಸರ ಆಗಬಾರದಂತ."

ಎರಡು ಸಾವಿರದ ಒಂಬೈನೂರು ಸಾಲು, ಇಂಥವು.
ಓಂಕಾರ ಓದುತ್ತ ಹೋದ. ಚಹಾ ಆರಿತು.
"ಟಿಪ್ಪಣಿಗೆ ಒಂದ್ ಟ್ಯಾಗ್ ಐತ್ರಿ" ಅಂದ ಕೊನೆಗೆ,
"ಆದ್ರ ಎಲ್ಲಾರಿಗೂ ಕಾಣತೈತಿ ಮತ್ತ. ಹುಡುಕಿದವರಿಗೆಲ್ಲ."
ಪುಟ ಎಂಬತ್ತೆಂಟನ್ನು ನೆನೆದೆ.
ಗೌರಾಬಾಯಿ ಈಗ ಎಲ್ಲಿದ್ದಾಳೋ, ಅವಳಿಗೂ ಫೋನಿದ್ದೀತು.

"ಸಿಬ್ಬಂದಿಗೆ ಮಾತ್ರ ಅಂತ ಒಂದ್ ಚೌಕ ಐತ್ರಿ. ಟಿಕ್ ಮಾಡಬೇಕು."
"ಒಂದೇ ಸಲಕ್ಕ ಆಗತೈತೇನು?"
"ಆಗತೈತ್ರಿ. ಎಲ್ಲಾ ಮುಚ್ಚಿ ಹೋಗತಾವ,
ಹಗೂರ ಹಿಡೀರಿ ಅನ್ನೂದೂ."

ಹಾಗಾಗಿ ಕೂತಿದ್ದೇವೆ, ಇದು ಕಾಣಲಿ, ಇದು ಬೇಡ,
ಇದು ಕಾಣಲಿ.
ರಾತ್ರಿ ಎಂಟಾಯಿತು. ಮಲಕಪ್ಪ ಆಚೆಯ ಸಾಲಿನ ದೀಪ ಆರಿಸುತ್ತಿದ್ದಾನೆ.
ಸಾಲು ಐನೂರಾ ಆರು:
"ಈ ಕಪಾಟಿಂದು ಹಸಿರು ದಾರದ ಕೀಲಿ.
ಎಡಕ್ಕ ತಿರುವಿ ಸ್ವಲ್ಪ ಎತ್ತಬೇಕು, ಸುಮ್ಮನ ಜಗ್ಗಬ್ಯಾಡ್ರಿ."

ಆ ಬೀಗ ನಾನು ಬಂದ ವರ್ಷವೇ ಒಡೆಸಿದ್ದೆ.
ಕದದ ಮೇಲೆ ಸುತ್ತಿಗೆಯ ತಗ್ಗು ಇನ್ನೂ ಇದೆ.

ಕಾಣಲಿ, ಅಂದೆ.
ಓಂಕಾರ ಮುಂದಿನದಕ್ಕೆ ಹೋದ.